ಎಂಗೂರಿ ದಾಟುವಾಗ

ಸೇತುವೆಗೆ ಸಾವಿರದ ಮುನ್ನೂರು ಹೆಜ್ಜೆ,
ಮಂಡಿ ಹಿಡಿದ ದಿನ ಸಾವಿರದ ಐನೂರು.
ಈ ತುದಿಯಲ್ಲಿ ನಾನೊಂದು ಚೀಟಿ, ಆ ತುದಿಯಲ್ಲಿ ಇನ್ನೊಂದು.
ನಡುವೆ, ನೀರಿನ ಮೇಲೆ,
ಚೀಲ ಹೊತ್ತ ಬರೀ ಹೆಂಗಸು:
ನಾಲ್ಕು ಕೇಜಿ ಹೇಜಲ್ ಕಾಯಿ,
ರಕ್ತದೊತ್ತಡದ ಮಾತ್ರೆಯ ಖಾಲಿ ಡಬ್ಬಿ.
ಡಬ್ಬಿ ತೋರಿಸಿದರೆ ಅಂಗಡಿಯವನಿಗೆ
ಯಾವ ಮಾತ್ರೆಯೆಂದು ಗುರುತು ಸಿಗುತ್ತದೆ.

ನಿಮ್ಮ ದೇಶವನ್ನು ಜಗತ್ತು ಗುರುತಿಸಿಲ್ಲವಂತೆ.
ರೇಡಿಯೋ ಹೇಳುತ್ತದೆ, ನನ್ನ ತಮ್ಮನೂ ಹೇಳುತ್ತಾನೆ.
ನಾಲ್ಕೋ ಐದೋ ದೇಶ ಗುರುತಿಸಿವೆಯಂತೆ,
ಅದರಲ್ಲೊಂದು ಯಾವುದೋ ಸಮುದ್ರದ ನಡುವೆ ಚುಕ್ಕಿಯಷ್ಟಂತೆ,
ಅದು ನಿಜವಾಗಿ ಇದೆಯೋ ಇಲ್ಲವೋ
ನಮ್ಮಲ್ಲಿ ಯಾರೂ ಹೋಗಿ ನೋಡಿಲ್ಲ.
ಗುರುತಿಸದ ದೇಶ ಕೊಟ್ಟ ಗುರುತಿನ ಚೀಟಿಯಲ್ಲಿ
ನಾನು ಹುಟ್ಟಿದ ಊರಲ್ಲೇ ನಾನು ಪರದೇಶಿ.
ನನ್ನ ಎಮ್ಮೆಗೆ ಇದನ್ನೆಲ್ಲ ಹೇಳಿಲ್ಲ.
ಅದು ನನ್ನನ್ನು ಕೆಮ್ಮಿನಿಂದಲೇ ಹಿಡಿಯುತ್ತದೆ,
ಕತ್ತಲಲ್ಲಿ, ಬೇಲಿಯ ಆಚೆಯಿಂದ.

ಯುದ್ಧ ನಿಂತ ಚಳಿಗಾಲ ಒಂದು ಶಾಲೆಗೆ ಕರೆದರು.
ಬೆಂಚುಗಳನ್ನು ಗೋಡೆಗೆ ಒತ್ತಿದ್ದರು.
ನಾನು ಗುರುತಿಸಿದ್ದು ಕಾಲುಚೀಲವನ್ನು:
ಹಿಮ್ಮಡಿಯ ಹತ್ತಿರ ಹಸಿರು ನೂಲು ಮುಗಿದು
ಕಂದು ಸೇರಿಸಿದ್ದು ನಾನೇ.
ಹೌದು ಅಂದೆ.
ಗುರುತು ಹಿಡಿಯಲಾಗಿದೆ, ಎಂದು ಬರೆದುಕೊಂಡರು.
ಮುಖದ ಬಟ್ಟೆ ಸರಿಸಲಾ ಅಂದರು, ಬೇಡ ಅಂದೆ.
ಅದಕ್ಕೇ ಆ ಮುಖ ಇವತ್ತಿಗೂ ತಿರುಗುತ್ತಿದೆ,
ಬಸ್ಸಿನ ಕಿಟಕಿಯಲ್ಲಿ, ಮೀನಿನ ಸಂತೆಯಲ್ಲಿ,
ಯಾರ ಯಾರದೋ ಕತ್ತಿನ ಮೇಲೆ.

ಇವತ್ತು ಗಾಜಿನ ಹಿಂದೆ ನೀನು. ಹೊಸಬ.
ಫೋಟೋ ನೋಡಿದೆ, ನನ್ನನ್ನು ನೋಡಿದೆ, ಮತ್ತೆ ಫೋಟೋ.
ಅನುಮಾನ ಸರಿಯೇ. ಅವಳಿಗೆ ಹಲ್ಲುಗಳಿದ್ದವು.

ನಾನು ನಿನ್ನನ್ನು ಆಗಲೇ ಹಿಡಿದಿದ್ದೆ:
ಎಡಹುಬ್ಬಿನ ನಡುವೆ ಕೂದಲಿಲ್ಲದ ಆ ಗೆರೆ,
ನಿನ್ನಜ್ಜಿ ಶಾಜಿನಾ ಮನೆಮಂದಿಗೆಲ್ಲ ಹಂಚಿದ್ದು.
ಚಹಾ ಕಾರ್ಖಾನೆಯ ಒಣಗಿಸುವ ಕೋಣೆಯಲ್ಲಿ
ಹನ್ನೊಂದು ವರ್ಷ ಒಂದೇ ಮೇಜು ನಮಗೆ.
ಎತೆರಿ ಎನ್ನಲು ಅವಳ ನಾಲಿಗೆ ಹೊರಳುತ್ತಿರಲಿಲ್ಲ.
ಅತರಿ, ಸಕ್ಕರೆ ಇದೆಯಾ. ಅತರಿ, ಸೂಜಿ ಕೊಡು.
ಅತರಿ, ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಮಲಗಬೇಡಿ.

ಗುರುತು ಸಿಕ್ಕಿತಾ ಮಗಾ, ಎಂದು ಕೇಳಬಹುದಿತ್ತು.
ಹೆಗಲಲ್ಲಿ ನಕ್ಷತ್ರವಿದ್ದವನು ನಿನ್ನ ಹಿಂದೆಯೇ
ಟೀ ಆರಿಸಿಕೊಳ್ಳುತ್ತಾ ನಿಂತಿದ್ದ.
ಕೆಲವು ಕಡೆ ಗುರುತಿದೆ ಅನ್ನುವುದೂ
ಚಾಡಿ ಹೇಳಿದ ಹಾಗೆ.
ಗುರುತಿದ್ದೂ ಇಲ್ಲದವರಂತಿರುವುದಕ್ಕೆ
ಜನ ಸೊಕ್ಕು ಅನ್ನುತ್ತಾರೆ.
ನಾನು ಸೊಕ್ಕಿನಿಂದಲೇ ನಿಂತೆ.

ಹೆಸರು?
ಎತೆರಿ ಶೋನಿಯಾ.
ಎಲ್ಲಿಗೆ?
ಜುಗ್ದೀದಿಗೆ.
ಅಲ್ಲಿ ಗುರುತಿನವರು ಇದ್ದಾರಾ?
ಅಲ್ಲಿ ಇದ್ದಾರೆ, ಅಂದೆ.
ನೀನು ತಲೆಯೆತ್ತಲಿಲ್ಲ.
ಪೆನ್ನು ಸ್ವಲ್ಪ ಹೊತ್ತು ಕಾಗದ ಮುಟ್ಟಲಿಲ್ಲ.
ಆಮೇಲೆ ಬರೆದು, ಮುದ್ರೆ ಒತ್ತಿ, ಕಿಂಡಿಯಿಂದ ತಳ್ಳಿದೆ.
ಮುಂದಿನವರು, ಎಂದು ಕೂಗಿದೆ,
ಬೇಕಾದ್ದಕ್ಕಿಂತ ಜೋರಾಗಿ.

ಆರುನೂರನೆಯ ಹೆಜ್ಜೆಗೋ ಏನೋ
ಮಂಡಿಗೆ ವಿರಾಮ ಕೊಟ್ಟು ಕನ್ನಡಕ ಹಾಕಿದೆ.
ಗಾಳಿಗೆ ಚೀಟಿ ಪಟಪಟ ಅನ್ನುತ್ತಿತ್ತು.
ಹೆಸರಿನ ಜಾಗದಲ್ಲಿ ನಿನ್ನ ದುಂಡಕ್ಷರ:
ಅತರಿ.

ಆ ತುದಿಯವನು ಕೈಯೊಡ್ಡಿ, ಇದೇನು, ಅಂದ.
ಈ ಚೀಟಿಯನ್ನು ನಾವು ಗುರುತಿಸುವುದಿಲ್ಲ.
ಗೊತ್ತು, ಅಂದೆ.
ನಾಲ್ಕಾಗಿ ಮಡಿಸಿ ಮಾತ್ರೆಯ ಡಬ್ಬಿಗೆ ಹಾಕಿ
ಮುಚ್ಚಳ ತಿರುಗಿಸಿದೆ.

ಅಂಗಡಿಯಲ್ಲಿ ಡಬ್ಬಿ ತೆಗೆಯಲಿಲ್ಲ.
ಮಾತ್ರೆಯ ಹೆಸರು ಬಾಯಲ್ಲೇ ಹೇಳಿದೆ, ತಪ್ಪು ತಪ್ಪಾಗಿ.
ಅವನಿಗೆ ತಿಳಿಯಿತು.